ಬಿಂದುವಿನ ಬಲಗಡೆಯ ಅಂಕಿಗಳು



ಲೆಕ್ಕಕ್ಕೂ ಶರಣರ ಬದುಕಿಗೂ ಹಳೆಯ ನಂಟು. ಬಸವಣ್ಣನವರು ಮಂಗಳವಾಡದಲ್ಲಿ ಕರಣಿಕರಾಗಿ ಕಾಯಕವನ್ನಾರಂಭಿಸಿ, ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾದರೆಂದು ಪರಂಪರೆ ಹೇಳುತ್ತದೆ. ಅರಸನ ಭಂಡಾರವನ್ನು ಜಂಗಮರಿಗಾಗಿ ವೆಚ್ಚ ಮಾಡುತ್ತಿದ್ದಾರೆಂದು ವಿರೋಧಿಗಳು ದೂರಿತ್ತಾಗ, ಹೊನ್ನನ್ನು ಎಣಿಸಿ ನೋಡಲಾಗಿ ಕೊರತೆಯೇ ಕಾಣಲಿಲ್ಲವೆಂಬ ಪ್ರಸಂಗವನ್ನು ಶರಣಚರಿತೆಯ ಕಾವ್ಯಗಳು ಭಕ್ತಿಯಿಂದ ಬಣ್ಣಿಸಿವೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪುಣ್ಯಸ್ತ್ರೀ ಲಕ್ಕಮ್ಮನವರು ಆ ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ತಿಳಿಹೇಳಿದ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಎರಡು ಪ್ರಸಂಗಗಳಲ್ಲಿಯೂ ಇರುವ ಪ್ರಶ್ನೆ ಒಂದೇ. ನನಗೆ ಸಲ್ಲತಕ್ಕದ್ದು ಎಷ್ಟು? ಸಲ್ಲದಿರುವುದು ಎಷ್ಟು?

ಈ ಪ್ರಶ್ನೆ ಇಂದು ನಮ್ಮೆದುರಿಗೆ ಬರುವುದು ಹೆಚ್ಚಾಗಿ ಒಂದು ಸಣ್ಣ ಚುಕ್ಕೆಯ ರೂಪದಲ್ಲಿ. ಹಾಲಿನ ಡೇರಿಯ ಚೀಟಿಯಲ್ಲಿ, ಚಿನ್ನದಂಗಡಿಯ ತಕ್ಕಡಿಯಲ್ಲಿ, ಮಕ್ಕಳ ಅಂಕಪಟ್ಟಿಯಲ್ಲಿ, ಔಷಧದ ಚೀಟಿಯಲ್ಲಿ, ಕಿರಾಣಿ ಬಿಲ್ಲಿನ ಕೊನೆಯ ಸಾಲಿನಲ್ಲಿ ದಶಮಾಂಶ ಬಿಂದು ಕುಳಿತಿರುತ್ತದೆ. ಅದರ ಬಲಗಡೆಯ ಅಂಕಿಗಳನ್ನು ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು, ಎಲ್ಲಿ ಬಿಡಬೇಕು, ಬಿಡುವಾಗ ಹಿಂದಿನ ಅಂಕಿಯನ್ನು ಏರಿಸಬೇಕೋ ಹಾಗೆಯೇ ಇಡಬೇಕೋ ಎಂಬುದನ್ನು ಶಾಲೆಯಲ್ಲಿ ಐದಾರನೆಯ ತರಗತಿಯ ಹೊತ್ತಿಗೆ ಕಲಿಸುತ್ತಾರೆ. ಕಲಿತದ್ದು ಪರೀಕ್ಷೆಯ ಮರುದಿನವೇ ಮರೆತುಹೋಗುವುದುಂಟು. ಆದುದರಿಂದ ಈ ತಿಂಗಳ ಅಂಕಣವನ್ನು ಆ ಪಾಠಕ್ಕೆ ಮೀಸಲಿಡಲಾಗಿದೆ. ತಾಯಂದಿರು ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು, ಕಾಗದ ಪೆನ್ಸಿಲು ಹಿಡಿದು ಓದಿದರೆ ಪ್ರಯೋಜನ ಹೆಚ್ಚು.

ಮುಖಬೆಲೆ ಮತ್ತು ಸ್ಥಾನಬೆಲೆ

ಒಬ್ಬನೇ ವ್ಯಕ್ತಿ ಮನೆಯಲ್ಲಿ ಮಗ, ಪಾಠಶಾಲೆಯಲ್ಲಿ ಗುರು, ಮಠದಲ್ಲಿ ಭಕ್ತ. ಮುಖ ಒಂದೇ ಆದರೂ ನಿಂತ ಸ್ಥಾನದಿಂದ ಹೊಣೆ ಬೇರೆಯಾಗುತ್ತದೆ. ಅಂಕಿಗಳ ಸಂಗತಿಯೂ ಹೀಗೆಯೇ. 666 ಎಂಬ ಸಂಖ್ಯೆಯಲ್ಲಿ ಮೂರು ಆರುಗಳ ಮುಖಬೆಲೆ ಒಂದೇ. ಆದರೆ ಎಡಗಡೆಯ ಆರು ಆರುನೂರಕ್ಕೆ ನಿಂತಿದೆ, ನಡುವಿನದು ಅರವತ್ತಕ್ಕೆ, ಕೊನೆಯದು ಬರಿಯ ಆರಕ್ಕೆ. ಬಲದಿಂದ ಎಡಕ್ಕೆ ಒಂದೊಂದು ಮನೆ ಸರಿದಂತೆ ಬೆಲೆ ಹತ್ತು ಮಡಿಯಾಗುತ್ತದೆ ಎಂಬ ಈ ತತ್ತ್ವವನ್ನು ಆರ್ಯಭಟನು ಕ್ರಿ.ಶ. 499ರಲ್ಲಿಯೇ ಹೇಳಿದ್ದಾನೆ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿದ್ದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಒಂಬತ್ತನೆಯ ಶತಮಾನದ ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ರಚಿಸಿದನು. ನಮ್ಮ ನಾಡಿಗೆ ಲೆಕ್ಕದ ವಿದ್ಯೆ ಪರಕೀಯವಾದುದಲ್ಲ.

ಆದರೆ ಆ ಕಾಲದ ಲೆಕ್ಕದಲ್ಲಿ ಒಂದಕ್ಕಿಂತ ಕಡಿಮೆಯಾದುದನ್ನು ಭಿನ್ನರಾಶಿಗಳಿಂದಲೇ ಹೇಳುತ್ತಿದ್ದರು. ಅರೆ, ಕಾಲು, ಮುಕ್ಕಾಲು ಇಂದಿಗೂ ನಮ್ಮ ಬಾಯಲ್ಲಿವೆ. ಹದಿನಾರನೆಯ ಒಂದು ಪಾಲಿಗೆ ವೀಸವೆಂದು ಹೆಸರು. ಹಾಗ, ವೀಸಗಳ ಹೆಸರು ನಮ್ಮ ಶಾಸನಗಳಲ್ಲಿಯೂ ಕಾಣಸಿಗುತ್ತದೆ. ಎಡಕ್ಕೆ ಹೋದಂತೆ ಹತ್ತು ಮಡಿಯಾಗುವ ಸ್ಥಾನಗಳನ್ನು ಬಲಕ್ಕೂ ಮುಂದುವರಿಸಿ, ಪ್ರತಿ ಮನೆಗೂ ಹತ್ತನೆಯ ಒಂದು ಪಾಲಾಗುವಂತೆ ಬರೆಯುವ ಪದ್ಧತಿ ತಡವಾಗಿ ಬೆಳೆಯಿತು. ಹತ್ತನೆಯ ಶತಮಾನದಲ್ಲಿ ದಮಾಸ್ಕಸ್ಸಿನ ಅಲ್ ಉಕ್ಲಿದಿಸಿಯೂ, ಹದಿನೈದನೆಯ ಶತಮಾನದಲ್ಲಿ ಸಮರಖಂಡದ ಅಲ್ ಕಾಶಿಯೂ ಅದನ್ನು ಬಳಸಿದರು. 1585ರಲ್ಲಿ ಸೈಮನ್ ಸ್ಟೆವಿನ್ ಎಂಬಾತ ಪ್ರಕಟಿಸಿದ ಕಿರುಹೊತ್ತಗೆಯಿಂದ ಅದು ಯೂರೋಪಿನಲ್ಲಿ ಹಬ್ಬಿತು.

ಬಿಂದುವಿನ ಎಡಕ್ಕೆ ಬಿಡಿ, ಹತ್ತು, ನೂರು, ಸಾವಿರ. ಬಿಂದುವಿನ ಬಲಕ್ಕೆ ಮೊದಲನೆಯದು ದಶಾಂಶ, ಎರಡನೆಯದು ಶತಾಂಶ, ಮೂರನೆಯದು ಸಹಸ್ರಾಂಶ. ಒಂದು ರೂಪಾಯಿಯಲ್ಲಿ ಹತ್ತು ಪೈಸೆ ದಶಾಂಶ, ಒಂದು ಪೈಸೆ ಶತಾಂಶ. ಒಂದು ಲೀಟರಿನಲ್ಲಿ ನೂರು ಮಿಲಿಲೀಟರು ದಶಾಂಶ, ಹತ್ತು ಮಿಲಿಲೀಟರು ಶತಾಂಶ, ಒಂದು ಮಿಲಿಲೀಟರು ಸಹಸ್ರಾಂಶ. ಈ ಮನೆಗಳ ಹೆಸರು ಮಗುವಿನ ನಾಲಗೆಯ ಮೇಲೆ ನಿಂತರೆ ಪಾಠದ ಅರ್ಧ ಭಾಗ ಮುಗಿದಂತೆ.

ನೆರೆಯ ಅಂಕಿಯ ತೀರ್ಪು

ಈಗ ಒಂದು ಉದಾಹರಣೆ. ಮನೆಯಲ್ಲಿ ಅಜ್ಜಿಯ ಕಾಲದ ಬೆಳ್ಳಿಯ ಕರಡಿಗೆಯೊಂದು ಇದೆಯೆನ್ನಿ. ಐದು ತೊಲ ತೂಕವೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಹಳೆಯ ತೊಲವೆಂದರೆ ಇಂದಿನ ಅಳತೆಯಲ್ಲಿ 11.6638 ಗ್ರಾಂ. ಇದನ್ನು ಚಿಕ್ಕದಾಗಿ ಹೇಳಬೇಕಾಗಿದೆ. ಮೊದಲು ಯಾವ ಸ್ಥಾನದವರೆಗೆ ಬೇಕೆಂದು ನಿಶ್ಚಯಿಸಬೇಕು. ಆ ಸ್ಥಾನದ ಅಂಕಿಯ ಕೆಳಗೆ ಗೆರೆಯೆಳೆಯಬೇಕು. ಅನಂತರ ಅದರ ಬಲಗಡೆಯ ನೆರೆಯ ಅಂಕಿಯನ್ನು ಮಾತ್ರ ನೋಡಬೇಕು. ಅದು 0, 1, 2, 3, 4 ಆಗಿದ್ದರೆ ಗೆರೆಯೆಳೆದ ಅಂಕಿಯನ್ನು ಮುಟ್ಟುವಂತಿಲ್ಲ. 5, 6, 7, 8, 9 ಆಗಿದ್ದರೆ ಗೆರೆಯೆಳೆದ ಅಂಕಿಗೆ ಒಂದನ್ನು ಕೂಡಿಸಬೇಕು. ಬಲಗಡೆ ಉಳಿದ ದಶಮಾಂಶದ ಅಂಕಿಗಳನ್ನೆಲ್ಲ ಬಿಡಬೇಕು.

ಸಹಸ್ರಾಂಶದವರೆಗೆ ಬೇಕೆಂದರೆ, 11.6638ರಲ್ಲಿ ಸಹಸ್ರಾಂಶದ ಅಂಕಿ 3, ಅದರ ನೆರೆಯದು 8. ಆದುದರಿಂದ 11.664. ಶತಾಂಶದವರೆಗೆ ಎಂದರೆ, ಶತಾಂಶದ ಅಂಕಿ 6, ನೆರೆಯದು 3. ಆದುದರಿಂದ 11.66. ದಶಾಂಶದವರೆಗೆ ಎಂದರೆ, ದಶಾಂಶದ ಅಂಕಿ 6, ನೆರೆಯದೂ 6. ಆದುದರಿಂದ 11.7. ಬಿಡಿಯ ಸ್ಥಾನಕ್ಕೆ ಎಂದರೆ, ಬಿಡಿಯ ಅಂಕಿ 1, ನೆರೆಯದು 6. ಆದುದರಿಂದ 12. ಒಂದೇ ತೂಕಕ್ಕೆ ನಾಲ್ಕು ರೂಪಗಳು. ನಾಲ್ಕೂ ಸರಿಯೇ, ಆದರೆ ನಾಲ್ಕರ ಸೂಕ್ಷ್ಮತೆ ಬೇರೆ ಬೇರೆ.

ಐದು ಎಂಬ ಅಂಕಿಯಲ್ಲಿ ಇಂಥ ಅಧಿಕಾರ ಏಕೆಂದು ಬುದ್ಧಿವಂತ ಮಗು ಕೇಳುತ್ತದೆ. ಕೇಳಲಿ. ಎರಡು ಊರುಗಳ ನಡುವಣ ದಾರಿಯನ್ನು ಹತ್ತು ಸಮಭಾಗ ಮಾಡಿ ಕಲ್ಲು ನೆಟ್ಟಿದ್ದಾರೆನ್ನಿ. ಒಂದು, ಎರಡು, ಮೂರು, ನಾಲ್ಕನೆಯ ಕಲ್ಲಿನ ಬಳಿ ನಿಂತವನಿಗೆ ಹಿಂದಿನ ಊರು ಹತ್ತಿರ. ಆರು, ಏಳು, ಎಂಟು, ಒಂಬತ್ತನೆಯ ಕಲ್ಲಿನ ಬಳಿ ನಿಂತವನಿಗೆ ಮುಂದಿನ ಊರು ಹತ್ತಿರ. ಐದನೆಯ ಕಲ್ಲನ್ನು ದಾಟಿ ಒಂದು ಹೆಜ್ಜೆ ಇಟ್ಟವನಿಗೂ ಮುಂದಿನ ಊರೇ ಹತ್ತಿರ. ಸರಿಯಾಗಿ ಐದನೆಯ ಕಲ್ಲಿನ ಮೇಲೆಯೇ ನಿಂತವನಿಗೆ ಮಾತ್ರ ಎರಡೂ ಸಮ. ಅವನು ಎತ್ತ ಹೋಗಬೇಕೆಂಬುದಕ್ಕೆ ಒಂದು ಒಪ್ಪಂದ ಬೇಕು. ಮುಂದಕ್ಕೆ ಹೋಗಲಿ ಎಂಬುದು ಶಾಲೆಯ ಒಪ್ಪಂದ.

ಇನ್ನೊಂದು ತೊಡಕು ಒಂಬತ್ತರದು. 4.97ನ್ನು ದಶಾಂಶದವರೆಗೆ ತರಬೇಕು. ನೆರೆಯ ಅಂಕಿ 7, ಆದುದರಿಂದ 9ಕ್ಕೆ ಒಂದು ಕೂಡಿ ಹತ್ತಾಗುತ್ತದೆ. ಹತ್ತು ಒಂದು ಮನೆಯಲ್ಲಿ ಹಿಡಿಯದು. ಆ ಒಂದು ಎಡಗಡೆಯ ಮನೆಗೆ ಹೋಗಿ ಉತ್ತರ 5.0 ಆಗುತ್ತದೆ. ಇಲ್ಲಿ ಸೊನ್ನೆಯನ್ನು ಅಳಿಸಬಾರದು. 5 ಎಂದರೆ ಬಿಡಿಯವರೆಗೆ ನೋಡಿದ್ದೇವೆಂದೂ, 5.0 ಎಂದರೆ ದಶಾಂಶದವರೆಗೂ ನೋಡಿದ್ದೇವೆಂದೂ ಅರ್ಥ. ಸೊನ್ನೆ ತಾನು ಏನೂ ಅಲ್ಲದಿದ್ದರೂ ಸಾಕ್ಷಿ ಹೇಳುತ್ತದೆ.

ಮೆಟ್ಟಿಲಿಳಿಯುವ ತಪ್ಪು

ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಮಾಡುವ ತಪ್ಪೊಂದಿದೆ. ಹಾಲಿನ ಕೊಬ್ಬಿನಂಶ 3.446 ಬಂದಿದೆ ಎಂದುಕೊಳ್ಳೋಣ. ದಶಾಂಶದವರೆಗೆ ತರಬೇಕು. ಕೊನೆಯ 6ನ್ನು ನೋಡಿ ಒಬ್ಬರು ಅದನ್ನು 3.45 ಮಾಡುತ್ತಾರೆ. ಆಮೇಲೆ ಆ 5ನ್ನು ನೋಡಿ 3.5 ಮಾಡುತ್ತಾರೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬರುವುದು ತಪ್ಪು. ದಶಾಂಶದ ನೆರೆಯಲ್ಲಿರುವುದು 4. ಆದುದರಿಂದ ಉತ್ತರ 3.4. 3.446ರಿಂದ 3.4ಕ್ಕೆ ಇರುವ ದೂರ 0.046, 3.5ಕ್ಕೆ ಇರುವ ದೂರ 0.054. ಹತ್ತಿರದ ಊರು ಯಾವುದೆಂದು ಇದರಿಂದಲೇ ತಿಳಿಯುತ್ತದೆ. ಮೂಲ ಸಂಖ್ಯೆಯಿಂದ ಒಂದೇ ಹೆಜ್ಜೆಗೆ ಬೇಕಾದ ಸ್ಥಾನಕ್ಕೆ ಬರಬೇಕೆಂಬುದು ನಿಯಮ.

ಎರಡನೆಯ ನಿಯಮ, ಲೆಕ್ಕದ ನಡುವೆ ಅಂಕಿ ಕತ್ತರಿಸದೆ ಕೊನೆಯಲ್ಲಿ ಕತ್ತರಿಸುವುದು. ಮೇಲಿನ ಐದು ತೊಲದ ಕರಡಿಗೆಗೇ ಬರೋಣ. 11.6638ನ್ನು ಐದರಿಂದ ಗುಣಿಸಿದರೆ 58.319 ಗ್ರಾಂ. ತೊಲಕ್ಕೆ 12 ಗ್ರಾಂ ಎಂದು ಮೊದಲೇ ಹಿಡಿದು ಗುಣಿಸಿದರೆ 60 ಗ್ರಾಂ. 1.681 ಗ್ರಾಮಿನ ವ್ಯತ್ಯಾಸ ಬಂದಿತು. 11.7 ಹಿಡಿದರೆ 58.5, ವ್ಯತ್ಯಾಸ 0.181. 11.66 ಹಿಡಿದರೆ 58.3, ವ್ಯತ್ಯಾಸ 0.019. ಗುಣಿಸುವ ಮುನ್ನ ಮಾಡಿದ ಸಣ್ಣ ಉದಾಸೀನ ಗುಣಾಕಾರದಲ್ಲಿ ತಾನೂ ಬೆಳೆಯುತ್ತದೆ. ಪ್ರಸಂಗವಶಾತ್ ಇನ್ನೊಂದು ಮಾತು. ಇಂದು ಅನೇಕ ಕಡೆ ಹತ್ತು ಗ್ರಾಮಿಗೇ ತೊಲವೆನ್ನುವ ರೂಢಿಯುಂಟು. ಹಳೆಯ ಐದು ತೊಲದ ವಸ್ತುವನ್ನು ಹೊಸ ರೂಢಿಯಂತೆ 50 ಗ್ರಾಂ ಎಂದು ಭಾವಿಸಿ ಕೊಟ್ಟರೆ 8.319 ಗ್ರಾಂ ಕೈತಪ್ಪುತ್ತದೆ. ಹಿರಿಯರ ಒಡವೆಗಳನ್ನು ಮಾರುವಾಗ, ಅಳಿಸಿ ಮಾಡಿಸುವಾಗ ತೊಲದ ಮಾತನ್ನು ಬಿಟ್ಟು ಗ್ರಾಮಿನ ತೂಕವನ್ನೇ ಕಣ್ಣಾರೆ ನೋಡುವುದು ಕ್ಷೇಮ.

ಆಣೆ ಹೋಗಿ ನಯಾಪೈಸೆ ಬಂದಾಗ

ಅಂಕಿಗಳನ್ನು ಸಮೀಪಕ್ಕೆ ತರುವ ಈ ಪಾಠವನ್ನು ಇಡೀ ದೇಶವೇ ಒಮ್ಮೆ ಬೀದಿಯಲ್ಲಿ ನಿಂತು ಕಲಿಯಬೇಕಾಯಿತು. 1957ರ ಏಪ್ರಿಲ್ 1ರಂದು ನಮ್ಮ ನಾಣ್ಯ ದಶಮಾನಕ್ಕೆ ಬದಲಾಯಿತು. ಅದುವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಅಂದಿನಿಂದ ರೂಪಾಯಿಗೆ ನೂರು ನಯಾಪೈಸೆ. ಹಳೆಯ ಪೈಸೆಯೊಡನೆ ಗೊಂದಲವಾಗದಿರಲೆಂದು ‘ನಯಾ’ ಎಂಬ ವಿಶೇಷಣವನ್ನು ಇಟ್ಟರು. 1964ರ ಜೂನ್ 1ರಂದು ಅದನ್ನು ಕೈಬಿಟ್ಟರು. ಎಂಬತ್ತು ದಾಟಿದ ಹಿರಿಯರು ಮನೆಯಲ್ಲಿದ್ದರೆ ಈ ಭಾಗವನ್ನು ಅವರಿಗೆ ಓದಿ ಹೇಳಿರಿ. ಅವರ ನೆನಪು ಈ ಬರಹಕ್ಕಿಂತ ಸವಿಯಾಗಿರುತ್ತದೆ.

ನೂರನ್ನು ಹದಿನಾರರಿಂದ ಭಾಗಿಸಿದರೆ 6.25. ಒಂದಾಣೆಗೆ ಆರೂಕಾಲು ನಯಾಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ. ಆದುದರಿಂದ ಸಮೀಪದ ಪೂರ್ಣ ಪೈಸೆಗೆ ತರಬೇಕು, ಅರ್ಧ ಮತ್ತು ಅರ್ಧಕ್ಕಿಂತ ಕಡಿಮೆಯಾದುದನ್ನು ಬಿಡಬೇಕು ಎಂದು ಕಾನೂನು ವಿಧಿಸಿತು. ಇದರಂತೆ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ನಯಾಪೈಸೆಗಳಾದವು. ಎರಡಾಣೆಯ ನಿಜವಾದ ಬೆಲೆ 12.5. ಶಾಲೆಯ ಒಪ್ಪಂದದಂತೆ ಅದು 13 ಆಗಬೇಕಿತ್ತು. ಕಾನೂನಿನ ಒಪ್ಪಂದ ಬೇರೆಯಾಗಿತ್ತು, ಆದುದರಿಂದ 12 ಆಯಿತು.

ಇದರ ಫಲವನ್ನು ನೋಡಿರಿ. ಒಂದಾಣೆಯ ವಸ್ತುವನ್ನು ಹದಿನಾರು ಗಿರಾಕಿಗಳಿಗೆ ಮಾರಿದ ಬುಟ್ಟಿ ವ್ಯಾಪಾರದವಳಿಗೆ ಹಿಂದೆ ಒಂದು ರೂಪಾಯಿ ಬರುತ್ತಿತ್ತು. ತಲಾ ಆರು ಪೈಸೆಯಂತೆ ಈಗ ಬಂದದ್ದು 96 ಪೈಸೆ. ಮೂರಾಣೆಯ ವಸ್ತುವನ್ನು ಹದಿನಾರು ಬಾರಿ ಕೊಂಡ ಗೃಹಿಣಿ ಹಿಂದೆ ಮೂರು ರೂಪಾಯಿ ಕೊಡುತ್ತಿದ್ದಳು. ತಲಾ 19ರಂತೆ ಈಗ ಕೊಟ್ಟದ್ದು ಮೂರು ರೂಪಾಯಿ ನಾಲ್ಕು ಪೈಸೆ. ಒಂದೇ ಬಾರಿಗೆ ನಾಲ್ಕಾಣೆ, ಎಂಟಾಣೆ, ಹನ್ನೆರಡಾಣೆಯ ವ್ಯವಹಾರ ಮಾಡುವವನಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಚಿಲ್ಲರೆಯಲ್ಲಿ ಬದುಕುವವರಿಗೇ ಚಿಲ್ಲರೆಯ ಪೆಟ್ಟು ಹೆಚ್ಚೆಂಬುದು ಈ ಕೋಷ್ಟಕದಲ್ಲಿ ಅಡಗಿದ್ದ ಸತ್ಯ. ಹದಿನಾರಾಣೆ ಸತ್ಯ ಎಂಬ ಮಾತು ನಾಣ್ಯ ಹೋದ ಮೇಲೂ ನಮ್ಮ ನುಡಿಯಲ್ಲಿ ಉಳಿದಿದೆ.

ಕತ್ತರಿಸುವುದು ಬೇರೆ, ಸಮೀಪಕ್ಕೆ ತರುವುದು ಬೇರೆ

ನೆರೆಯ ಅಂಕಿಯನ್ನು ನೋಡದೆ ಬಾಲವನ್ನು ಸುಮ್ಮನೆ ಕತ್ತರಿಸುವವರುಂಟು. 2.46 ಲೀಟರು ಹಾಲನ್ನು 2.5 ಎಂದು ಬರೆಯುವುದು ಸಮೀಪಕ್ಕೆ ತರುವ ಕ್ರಮ. 2.4 ಎಂದು ಬರೆಯುವುದು ಕತ್ತರಿಸುವ ಕ್ರಮ. ಮೊದಲನೆಯದರಲ್ಲಿ ಒಂದು ದಿನ ಹಾಲು ಹಾಕುವವರಿಗೆ ತುಸು ಹೆಚ್ಚು, ಇನ್ನೊಂದು ದಿನ ತುಸು ಕಡಿಮೆ. ತಿಂಗಳಲ್ಲಿ ಹೆಚ್ಚೂಕಡಿಮೆ ಸರಿದೂಗುತ್ತದೆ. ಎರಡನೆಯದರಲ್ಲಿ ನಷ್ಟ ಯಾವಾಗಲೂ ಒಂದೇ ಕಡೆಗೆ. ಶತಾಂಶದ ಸ್ಥಾನದಲ್ಲಿ 0ಯಿಂದ 9ರವರೆಗಿನ ಅಂಕಿಗಳು ಸಮನಾಗಿ ಬರುತ್ತವೆಯೆಂದು ಹಿಡಿದರೆ, ಪ್ರತಿ ಬಾರಿಯ ಸರಾಸರಿ ನಷ್ಟ 0.045 ಲೀಟರು. ದಿನಕ್ಕೆರಡು ಹೊತ್ತು ಹಾಕಿದರೆ ವರ್ಷಕ್ಕೆ 32.85 ಲೀಟರು. ಲೀಟರಿಗೆ 40 ರೂಪಾಯಿ ಎಂದಿಟ್ಟುಕೊಂಡರೂ 1,314 ರೂಪಾಯಿ. ಇದು ಒಂದೆರಡು ಹಸು ಕಟ್ಟಿಕೊಂಡ ಬಡ ಮನೆಯಲ್ಲಿ ಮಗುವಿನ ಪುಸ್ತಕದ ಹಣ. ಹನಿ ಹನಿ ಕೂಡಿದರೆ ಹಳ್ಳವೆನ್ನುತ್ತೇವೆ. ಹನಿ ಹನಿ ಸೋರಿದರೂ ಹಳ್ಳವೇ.

ದೂರದ ಕೆನಡಾ ದೇಶದ ವ್ಯಾಂಕೂವರ್ ನಗರದ ಷೇರುಪೇಟೆಯಲ್ಲಿ ಇದಕ್ಕೊಂದು ಪ್ರಸಿದ್ಧ ನಿದರ್ಶನವಿದೆ. 1982ರ ಜನವರಿಯಲ್ಲಿ ಅಲ್ಲಿನ ಹೊಸ ಸೂಚ್ಯಂಕವು 1000ದಿಂದ ಆರಂಭವಾಯಿತು. ಪ್ರತಿ ವ್ಯವಹಾರದ ಅನಂತರ, ಅಂದರೆ ದಿನಕ್ಕೆ ಸಾವಿರಾರು ಬಾರಿ, ಗಣಕಯಂತ್ರವು ಅದನ್ನು ಹೊಸದಾಗಿ ಲೆಕ್ಕ ಮಾಡಿ, ಮೂರನೆಯ ದಶಮಾಂಶ ಸ್ಥಾನದ ಮುಂದಿನದನ್ನು ಕತ್ತರಿಸಿಬಿಡುತ್ತಿತ್ತು. ನೆರೆಯ ಅಂಕಿಯನ್ನು ನೋಡುವ ಕ್ರಮವಿರಲಿಲ್ಲ. 1983ರ ನವೆಂಬರಿನ ಹೊತ್ತಿಗೆ ಸೂಚ್ಯಂಕ 524.811ಕ್ಕೆ ಇಳಿದಿತ್ತು. ತಪ್ಪನ್ನು ಕಂಡುಹಿಡಿದು ತಿದ್ದಿದಾಗ ನಿಜವಾದ ಅಂಕಿ 1098.892 ಎಂದು ತಿಳಿಯಿತು. ಸಹಸ್ರಾಂಶಕ್ಕಿಂತಲೂ ಕಿರಿದಾದ ಬಾಲಗಳು ಇಪ್ಪತ್ತೆರಡು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗಿದ್ದವು.

ಐದರ ನ್ಯಾಯ

ಸರಿಯಾಗಿ ನಡುವೆ ನಿಂತ ಐದನ್ನು ಯಾವಾಗಲೂ ಮೇಲಕ್ಕೇ ಏರಿಸಿದರೆ, ಅಲ್ಲಿಯೂ ಒಂದು ಕಡೆಗೆ ವಾಲುವ ದೋಷವುಂಟು. ಇದನ್ನು ತಪ್ಪಿಸಲು ಇನ್ನೊಂದು ಒಪ್ಪಂದವಿದೆ. ಮುಂದೆ ಬೇರಾವ ಅಂಕಿಯೂ ಇಲ್ಲದೆ ಐದು ಮಾತ್ರವೇ ಇದ್ದರೆ, ಉಳಿಯುವ ಕೊನೆಯ ಅಂಕಿ ಸಮಸಂಖ್ಯೆಯಾಗುವಂತೆ ಮಾಡುವುದು. 2.35, 2.45, 2.55, 2.65 ಈ ನಾಲ್ಕರ ಮೊತ್ತ 10. ಶಾಲೆಯ ಒಪ್ಪಂದದಂತೆ ಅವು 2.4, 2.5, 2.6, 2.7 ಆಗಿ ಮೊತ್ತ 10.2ಕ್ಕೆ ಏರುತ್ತದೆ. ಸಮಸಂಖ್ಯೆಯ ಒಪ್ಪಂದದಂತೆ 2.4, 2.4, 2.6, 2.6 ಆಗಿ ಮೊತ್ತ 10.0 ಆಗಿಯೇ ಉಳಿಯುತ್ತದೆ. ಸಂಖ್ಯೆಗಳನ್ನು ಸಮೀಪಕ್ಕೆ ತರುವ ಬಗೆಗೆ ನಮ್ಮ ದೇಶದ ಮಾನಕವೇ ಇದೆ. ಭಾರತೀಯ ಮಾನಕಗಳ ಸಾಲಿನಲ್ಲಿ ಅದರ ಕ್ರಮಾಂಕ ಎರಡು. 1960ರ ಆವೃತ್ತಿಯಲ್ಲಿ ಸಮಸಂಖ್ಯೆಯ ಈ ಒಪ್ಪಂದವನ್ನೇ ಹೇಳಿದೆ. ಕ್ರಮಾಂಕ ಒಂದು ಯಾವುದೆಂದು ಕೇಳಿದರೆ, ಅದು ನಮ್ಮ ರಾಷ್ಟ್ರಧ್ವಜದ್ದು. ಆ ಮಾನಕದಂತೆ ಖಾದಿಯ ಧ್ವಜವನ್ನು ಸಿದ್ಧಪಡಿಸುವ ಕೇಂದ್ರ ನಮ್ಮ ಹುಬ್ಬಳ್ಳಿಯ ಬೆಂಗೇರಿಯಲ್ಲಿದೆ. ಧ್ವಜದ ಅನಂತರದ ಸ್ಥಾನವನ್ನು ಅಂಕಿಯ ಪ್ರಾಮಾಣಿಕತೆಗೆ ಕೊಟ್ಟದ್ದು ಮನಸ್ಸಿಗೆ ಹಿತವಾದ ಸಂಗತಿ.

ಹಣದ ವ್ಯವಹಾರದಲ್ಲಿ ಆಯಾ ಕಾನೂನಿನ ಒಪ್ಪಂದವೇ ನಡೆಯುತ್ತದೆ. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ರಿಂದ ನಿಂತಿತು. 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 170ನೆಯ ಕಲಮು ತೆರಿಗೆಯ ಮೊತ್ತವನ್ನು ಸಮೀಪದ ರೂಪಾಯಿಗೆ ತರಬೇಕೆನ್ನುತ್ತದೆ. 50 ಪೈಸೆ ಅಥವಾ ಹೆಚ್ಚಿದ್ದರೆ ಒಂದು ರೂಪಾಯಿಗೆ ಏರಿಸಬೇಕು, ಕಡಿಮೆಯಿದ್ದರೆ ಬಿಡಬೇಕು. ಆದುದರಿಂದ ಬಿಲ್ಲಿನ ಕೊನೆಯಲ್ಲಿ ‘ರೌಂಡ್ ಆಫ್’ ಎಂಬ ಸಾಲು ಕಂಡಾಗ ಗಾಬರಿ ಬೇಡ. ಆದರೆ ಕಣ್ಣು ಬೇಕು. 482.40 ಇದ್ದದ್ದು 482 ಆಗಿದೆಯೇ, 482.60 ಇದ್ದದ್ದು 483 ಆಗಿದೆಯೇ ಎಂದು ಮಕ್ಕಳಿಂದ ಓದಿಸಿ ನೋಡಿರಿ. ಅಂಗಡಿಯೇ ಪಾಠಶಾಲೆಯಾಗುತ್ತದೆ.

ಅಂಕಪಟ್ಟಿ ಮತ್ತು ಔಷಧದ ಚೀಟಿ

ಎಲ್ಲಿ ಸಮೀಪಕ್ಕೆ ತರಬಾರದೆಂಬುದನ್ನೂ ತಿಳಿದಿರಬೇಕು. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ಒಟ್ಟು ಅಂಕ 625. ಅದರಲ್ಲಿ ಶೇಕಡಾ 60 ಎಂದರೆ 375. ಮಗನಿಗೆ 374 ಬಂದರೆ ಶೇಕಡಾ 59.84. ನೆಂಟರಿಗೆ ಹೇಳುವಾಗ ಸುಮಾರು ಅರವತ್ತು ಎನ್ನಬಹುದು. ಆದರೆ ಶೇಕಡಾ 60 ಕಡ್ಡಾಯವೆಂದಿರುವ ಅರ್ಜಿಯಲ್ಲಿ ಹಾಗೆ ಬರೆಯುವಂತಿಲ್ಲ. ನಿಯಮದಲ್ಲಿಯೇ ಸಮೀಪದ ಪೂರ್ಣಾಂಕಕ್ಕೆ ತರಬಹುದೆಂದು ಹೇಳಿದ್ದರೆ ಮಾತ್ರ ಸರಿ. ಗಡಿಯನ್ನು ದಾಟಲು ಅಂಕಿಯನ್ನು ಏಣಿ ಮಾಡಿಕೊಳ್ಳುವುದನ್ನು ಮಕ್ಕಳಿಗೆ ನಾವೇ ಕಲಿಸಬಾರದು.

ದೇಹದ ಸಹಜ ಉಷ್ಣತೆ 98.6 ಡಿಗ್ರಿ ಎಂದು ಎಲ್ಲರೂ ನಂಬಿದ್ದೇವೆ. ಇದರ ಹಿಂದೆಯೂ ಅಂಕಿಯ ಕಥೆಯಿದೆ. ಜರ್ಮನಿಯ ವೈದ್ಯ ವುಂಡರ್ಲಿಶ್ 1868ರಲ್ಲಿ ತನ್ನ ಗ್ರಂಥದಲ್ಲಿ ಸುಮಾರು 25,000 ರೋಗಿಗಳ ಅಳತೆಗಳ ಆಧಾರದಿಂದ 37 ಡಿಗ್ರಿ ಸೆಲ್ಸಿಯಸ್ ಎಂದು ಹೇಳಿದನು. ಆ ದುಂಡಾದ 37ನ್ನು ಫ್ಯಾರನ್‌ಹೀಟಿಗೆ ಪರಿವರ್ತಿಸಿದರೆ 98.6 ಬರುತ್ತದೆ. ಬಿಡಿಯ ಸ್ಥಾನದವರೆಗೆ ಹೇಳಿದ್ದ ಅಂಕಿಗೆ ದಶಾಂಶದ ಸೂಕ್ಷ್ಮತೆಯ ಉಡುಪು ಬಂದಿತು. 1992ರಲ್ಲಿ ಅಮೆರಿಕದಲ್ಲಿ 148 ಮಂದಿ ಆರೋಗ್ಯವಂತ ವಯಸ್ಕರನ್ನು ಪರೀಕ್ಷಿಸಿದಾಗ ಸರಾಸರಿ 98.2 ಎಂದು ಕಂಡುಬಂದಿತು. ಅದೂ ಹೊತ್ತಿನಿಂದ ಹೊತ್ತಿಗೆ, ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ. ಮಗುವಿಗೆ 98.8 ಬಂದಿತೆಂದು ತಾಯಿ ನಿದ್ದೆಗೆಡಬೇಕಾಗಿಲ್ಲ. ಜ್ವರವೆಂದು ವೈದ್ಯರು ಸಾಮಾನ್ಯವಾಗಿ ಗಣಿಸುವುದು 100.4 ಡಿಗ್ರಿಯಿಂದ.

ಔಷಧದ ಪ್ರಮಾಣದಲ್ಲಿ ಮಾತ್ರ ಮನೆಯವರು ಅಂಕಿಯನ್ನು ದುಂಡು ಮಾಡಲೇಬಾರದು. ಎಳೆಯ ಮಗುವಿಗೆ 0.5 ಮಿಲಿಲೀಟರು ಎಂದರೆ ಅರ್ಧ, ಅಷ್ಟೇ. ಬಿಂದುವಿನ ಹಿಂದೆ ಸೊನ್ನೆಯಿಲ್ಲದೆ ಬರೆದರೆ ಬಿಂದು ಅಳಿಸಿ ಐದಾಗಿ ಕಂಡೀತು, ಹತ್ತುಪಟ್ಟು ಔಷಧ ಹೋದೀತು. ಆದುದರಿಂದ ಬಿಂದುವಿನ ಹಿಂದೆ ಸೊನ್ನೆಯನ್ನು ತಪ್ಪದೆ ಬರೆಯಬೇಕೆಂಬುದು ವೈದ್ಯಶಾಸ್ತ್ರದ ಎಚ್ಚರಿಕೆ. 1.0 ಎಂದು ಬರೆದರೆ ಹತ್ತೆಂದು ಓದುವ ಅಪಾಯವಿರುವುದರಿಂದ, ಔಷಧದ ಚೀಟಿಯಲ್ಲಿ ಮಾತ್ರ ಬರಿಯ 1 ಎಂದೇ ಬರೆಯುವುದು ಲೇಸು. ಗಣಿತದ ಪುಸ್ತಕದಲ್ಲಿ ಸಾಕ್ಷಿಯಾಗಿದ್ದ ಸೊನ್ನೆ ಇಲ್ಲಿ ಅಪಾಯವಾಗುತ್ತದೆ. ಸ್ಥಾನವರಿತು ನಡೆಯಬೇಕೆಂಬ ಮಾತು ಸೊನ್ನೆಗೂ ಅನ್ವಯಿಸುತ್ತದೆ.

ದಾಸೋಹದ ವಂತಿಗೆ

ಕೊನೆಯದಾಗಿ ನಮ್ಮ ಮಠ ಮಂದಿರಗಳಲ್ಲಿ, ಓಣಿಯ ದಾಸೋಹಗಳಲ್ಲಿ ಬರುವ ಒಂದು ಲೆಕ್ಕ. ಏಳು ಮನೆಯವರು ಸೇರಿ 1,000 ರೂಪಾಯಿಯನ್ನು ಸಮನಾಗಿ ಹಂಚಿಕೊಳ್ಳಬೇಕು. ಭಾಗಿಸಿದರೆ ತಲಾ 142.857 ಎಂದು ಆರಂಭವಾಗಿ ಅಂಕಿಗಳು ಮುಗಿಯುವುದೇ ಇಲ್ಲ. ಸಮೀಪದ ಪೈಸೆಗೆ 142.86 ಎಂದರೆ ಏಳರಿಂದ 1,000.02 ಆಗುತ್ತದೆ. ಸಮೀಪದ ರೂಪಾಯಿಗೆ 143 ಎಂದರೆ 1,001 ಆಗುತ್ತದೆ. ಚಿಲ್ಲರೆ ಕತ್ತರಿಸಿ 142 ಎಂದರೆ 994 ಬಂದು ಆರು ರೂಪಾಯಿ ಕೊರತೆ. ಇಲ್ಲಿ ಎರಡು ದಾರಿಗಳಿವೆ. ಆರು ಮನೆಯವರು 143ರಂತೆ 858, ಒಂದು ಮನೆಯವರು 142 ಕೊಟ್ಟರೆ ಸರಿಯಾಗಿ ಸಾವಿರ. ಕಡಿಮೆ ಕೊಡುವ ಸರದಿಯನ್ನು ಪ್ರತಿ ಬಾರಿ ಬದಲಿಸಿದರೆ ಯಾರಿಗೂ ಅನ್ಯಾಯವಿಲ್ಲ. ಇಲ್ಲವೆ ಎಲ್ಲರೂ 143 ಕೊಟ್ಟು, ಉಳಿದ ಒಂದು ರೂಪಾಯಿಯನ್ನು ‘ಹೆಚ್ಚುವರಿ’ ಎಂದು ಪುಸ್ತಕದಲ್ಲಿ ಕಾಣಿಸಿ ಮುಂದಿನ ದಾಸೋಹಕ್ಕೆ ಜಮಾ ಮಾಡಬಹುದು. ಒಂದು ರೂಪಾಯಿಗೆ ಇಷ್ಟು ಮಾತೇ ಎಂದು ಕೇಳುವವರಿದ್ದಾರೆ. ಒಂದು ರೂಪಾಯಿಯ ಜಮಾ ಖರ್ಚನ್ನು ಎಲ್ಲರೆದುರು ಓದುವ ಸಮಿತಿಯ ಮೇಲೆ ಜನ ಲಕ್ಷ ರೂಪಾಯಿಯ ವಿಶ್ವಾಸವಿಡುತ್ತಾರೆ.

ಹಾಗಾದರೆ ಮನೆಗೆ ಒಯ್ಯಬೇಕಾದ ಮಾತುಗಳಿಷ್ಟು. ಯಾವ ಸ್ಥಾನದವರೆಗೆಂದು ಮೊದಲು ನಿಶ್ಚಯಿಸಿರಿ. ಒಂದೇ ಹೆಜ್ಜೆಗೆ, ನೆರೆಯ ಅಂಕಿಯನ್ನು ನೋಡಿ ತೀರ್ಮಾನಿಸಿರಿ. ಲೆಕ್ಕದ ಕೊನೆಯಲ್ಲಿ ಮಾತ್ರ ಸಮೀಪಕ್ಕೆ ತನ್ನಿರಿ. ಐದು ಬಂದಾಗ ಯಾವ ಒಪ್ಪಂದವೆಂಬುದನ್ನು ವ್ಯವಹಾರಕ್ಕೆ ಮುನ್ನವೇ ಹೇಳಿರಿ, ಬಂದ ಅಂಕಿಯನ್ನು ಕಂಡ ಮೇಲೆ ಒಪ್ಪಂದ ಬದಲಿಸಬೇಡಿರಿ. ಬಿಟ್ಟ ಬಾಲ ಯಾರ ಕೈಯಲ್ಲಿ ಉಳಿಯುತ್ತದೆಂದು ಒಮ್ಮೆ ಕೇಳಿಕೊಳ್ಳಿರಿ. ಅದು ಯಾವಾಗಲೂ ನಮ್ಮ ಕೈಯಲ್ಲಿಯೇ ಉಳಿಯುತ್ತಿದ್ದರೆ ಲೆಕ್ಕವನ್ನು ಇನ್ನೊಮ್ಮೆ ನೋಡತಕ್ಕದ್ದು.

ಲಕ್ಕಮ್ಮನವರು ಹಿಂದಿರುಗಿಸಲು ಹೇಳಿದ ಅಕ್ಕಿ ಎಷ್ಟು ಸೇರೆಂದು ಯಾರೂ ಕೇಳುವುದಿಲ್ಲ. ತಮ್ಮ ಕಾಯಕಕ್ಕೆ ಸಲ್ಲುವುದು ಎಲ್ಲಿಗೆ ಮುಗಿಯುತ್ತದೆಂಬ ಗೆರೆ ಆ ತಾಯಿಗೆ ಸ್ಪಷ್ಟವಾಗಿತ್ತು. ಬಿಂದುವಿನ ಬಲಗಡೆ ಅಂಥದೇ ಗೆರೆಯೊಂದನ್ನು ನಮ್ಮ ಮಕ್ಕಳು ಶುದ್ಧವಾಗಿ ಎಳೆಯುವಂತಾಗಲಿ.